ಕಲಬುರಗಿಯ ಹುಡುಗ ಹುಡುಗಿಯರು ಸಿನಿಮಾ ಸೌಂಡ್ ಎಡಿಟರ್ ಆಗುವುದು ಹೇಗೆ?

ನಮ್ಮ ಕಡೆ ಸಿನಿಮಾ ಅಂದರೆ ಹುಡುಗರಿಗೆ ಎರಡೇ ಕೆಲಸ ಕಾಣುತ್ತವೆ. ಒಂದು ಹೀರೊ, ಇನ್ನೊಂದು ಡೈರೆಕ್ಟರ್. ಸ್ವಲ್ಪ ತಿಳಿದವರು ಕ್ಯಾಮೆರಾ, ಎಡಿಟಿಂಗ್ ಅನ್ನುತ್ತಾರೆ. ಸೌಂಡ್ ಯಾರಿಗೂ ನೆನಪಾಗುವುದಿಲ್ಲ. ಆದರೆ ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಈ ಕೆಲಸಕ್ಕೆ ಬೇಕಾದ ದೊಡ್ಡ ಆಸ್ತಿ ಬೆಳೆಯುತ್ತಲೇ ಸಿಕ್ಕಿರುತ್ತದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ ಉರ್ದು, ಸೇಡಂ, ಗುರುಮಠಕಲ್ ಕಡೆ ಹೋದರೆ ತೆಲುಗು, ಆಳಂದ, ಬಸವಕಲ್ಯಾಣ ಕಡೆ ಹೋದರೆ ಮರಾಠಿ. ಇಷ್ಟು ಭಾಷೆ ಕೇಳಿ ಬೆಳೆದ ಕಿವಿಗೆ ಮಾತಿನ ಸಣ್ಣ ಏರಿಳಿತ ಬೇಗ ಸಿಗುತ್ತದೆ. ಸೌಂಡ್ ಎಡಿಟಿಂಗ್‌ನಲ್ಲಿ ದೊಡ್ಡ ಪಾಲು ಕೆಲಸ ಮಾತಿನದ್ದೇ. ಬಾಂಬು, ಬಂದೂಕು, ಹೊಡೆದಾಟ ಎಲ್ಲ ಆಮೇಲೆ.

ಹಾಗಾಗಿ ಊರು ಬಿಡುವ ಮೊದಲು ಊರಲ್ಲೇ ಕೂತು ಏನೇನು ಕಲಿಯಬಹುದು, ಆಮೇಲೆ ಎಲ್ಲಿಗೆ ಹೋಗಬೇಕು, ದುಡ್ಡಿನ ವಿಷಯ ಏನು ಅಂತ ನನಗೆ ಗೊತ್ತಿರುವುದನ್ನು ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಯಾವ ಕೆಲಸ ಯಾರದು ಅಂತ ತಿಳಿದುಕೊಳ್ಳಿ

ಶೂಟಿಂಗ್ ಜಾಗದಲ್ಲಿ ಮೈಕ್ ಹಿಡಿದು ಮಾತು ರೆಕಾರ್ಡ್ ಮಾಡುವವರು ಬೇರೆ. ಕೊನೆಗೆ ಥಿಯೇಟರ್ ಅಳತೆಗೆ ಮಾತು, ಸದ್ದು, ಸಂಗೀತ ಮೂರನ್ನೂ ಹದ ಮಾಡುವ ಮಿಕ್ಸಿಂಗ್ ಇಂಜಿನಿಯರ್ ಬೇರೆ. ಇವರಿಬ್ಬರ ನಡುವೆ ಇರುವವರೇ ಸೌಂಡ್ ಎಡಿಟರ್. ಚಿತ್ರದ ಎಡಿಟಿಂಗ್ ಮುಗಿದು ರೀಲ್ (ಸಿನಿಮಾವನ್ನು ಭಾಗ ಮಾಡಿದ ಒಂದೊಂದು ತುಂಡು) ಕೈಗೆ ಬಂದ ಮೇಲೆ ಇವರ ಕೆಲಸ ಶುರುವಾಗುತ್ತದೆ. ಡೈಲಾಗ್ ಶುದ್ಧ ಮಾಡುವುದು, ಡಬ್ಬಿಂಗ್ ಆದ ಮಾತನ್ನು ತುಟಿಗೆ ಕೂರಿಸುವುದು, ಜಾಗದ ವಾತಾವರಣದ ಸದ್ದು ಹಾಸುವುದು, ಹೆಜ್ಜೆ, ಬಟ್ಟೆ, ಪಾತ್ರೆ, ಬಾಗಿಲಿನ ಸದ್ದು ಸೇರಿಸುವುದು. ಆಸ್ಕರ್‌ನಲ್ಲೂ ಬಹಳ ವರ್ಷ ಎಡಿಟಿಂಗ್‌ಗೆ ಒಂದು, ಮಿಕ್ಸಿಂಗ್‌ಗೆ ಒಂದು ಅಂತ ಬೇರೆ ಬೇರೆ ಪ್ರಶಸ್ತಿ ಇದ್ದವು, 2021ರ ಸಮಾರಂಭದಿಂದ ಎರಡನ್ನೂ ಸೇರಿಸಿ ಒಂದೇ ಮಾಡಿದರು. ನಮ್ಮ ಸಣ್ಣ ಬಜೆಟ್ಟಿನ ಕನ್ನಡ ಸಿನಿಮಾಗಳಲ್ಲಿ ಎಷ್ಟೋ ಸಲ ಇದೆಲ್ಲವನ್ನೂ ಒಬ್ಬರೇ ಮಾಡುತ್ತಾರೆ. ಕಲಿಯುವವರಿಗೆ ಅದು ಒಳ್ಳೆಯದೇ, ಎಲ್ಲದಕ್ಕೂ ಕೈ ಹಾಕಲು ಸಿಗುತ್ತದೆ.

ಹೆಜ್ಜೆ 2: ಕಿವಿ ತಯಾರು ಮಾಡಿ

ಸಾಫ್ಟ್‌ವೇರ್ ಕಲಿಯೋದು ದೊಡ್ಡ ವಿಷಯವಲ್ಲ, ಕೇಳೋದು ದೊಡ್ಡ ವಿಷಯ. ದಿನಾ ಹತ್ತು ನಿಮಿಷ ಮಾಳಿಗೆ ಮೇಲೆ ಕೂತು ಕೇಳಿದ ಸದ್ದನ್ನೆಲ್ಲ ಬರೆದಿಡಿ. ಯಾವುದು ಹತ್ತಿರ, ಯಾವುದು ದೂರ, ಯಾವುದು ನಿಲ್ಲದೆ ಇರುತ್ತದೆ, ಯಾವುದು ಬಂದು ಹೋಗುತ್ತದೆ. ಒಂದು ವಾರ ಮಾಡಿದರೆ ಅದೇ ಮಾಳಿಗೆಯಲ್ಲಿ ಬೆಳಗಿನ ಐದು ಗಂಟೆಗೂ ಮಧ್ಯಾಹ್ನದ ಮೂರು ಗಂಟೆಗೂ ಎಷ್ಟು ವ್ಯತ್ಯಾಸ ಇದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಅಭ್ಯಾಸ. ಯಾವುದಾದರೂ ಸಿನಿಮಾದ ಎರಡು ನಿಮಿಷದ ದೃಶ್ಯ ತೆಗೆದುಕೊಳ್ಳಿ, ಪರದೆ ಮುಚ್ಚಿ ಬರೀ ಕೇಳಿ. ಪಾತ್ರಗಳು ಎಲ್ಲಿದ್ದಾರೆ, ಹೊತ್ತು ಯಾವುದು, ಕಿಟಕಿ ತೆರೆದಿದೆಯಾ ಅಂತ ಊಹಿಸಿ. ಆಮೇಲೆ ಪರದೆ ತೆರೆದು ನೋಡಿ. ಚಿತ್ರದಲ್ಲಿ ಇಲ್ಲದ, ಸದ್ದಿನಲ್ಲಿ ಮಾತ್ರ ಇರುವ ಸಂಗತಿಗಳು ಎಷ್ಟಿವೆ ಅನ್ನೋದೇ ನಿಮಗೆ ಸಿಗುವ ಪಾಠ.

ಸ್ವಲ್ಪ ಲೆಕ್ಕವೂ ಗೊತ್ತಿರಲಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ ಓಡುತ್ತದೆ. ಅಂದರೆ ಒಂದು ಫ್ರೇಮ್ ಹೊತ್ತಿನಲ್ಲಿ ಸದ್ದು ಸಾಗುವುದು ಸುಮಾರು 14 ಮೀಟರ್. ಮೈದಾನದ ಆ ತುದಿಯಲ್ಲಿ ಒಬ್ಬ ಪಟಾಕಿ ಹಚ್ಚಿದರೆ ಬೆಳಕು ಮೊದಲು, ಸದ್ದು ಆಮೇಲೆ. ಹುಟ್ಟಿದಾಗಿನಿಂದ ಹೀಗೆ ಕೇಳಿದ್ದಕ್ಕೇ ಇರಬೇಕು, ಸದ್ದು ಸ್ವಲ್ಪ ಹಿಂದೆ ಬಿದ್ದರೆ ನಾವು ಸಹಿಸುತ್ತೇವೆ, ಮುಂದೆ ಬಂದರೆ ತಕ್ಷಣ ಇರುಸುಮುರುಸಾಗುತ್ತದೆ. ಟಿವಿ ಪ್ರಸಾರದ ಮಾನದಂಡದಲ್ಲೂ ಇದೇ ಇದೆ: ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದರೆ ಜನ ಗುರುತಿಸುತ್ತಾರೆ, ಹಿಂದೆ ಬಿದ್ದರೆ ಸುಮಾರು 125 ಆಗುವವರೆಗೂ ಗುರುತಿಸುವುದಿಲ್ಲ. ಅನುಮಾನ ಬಂದಾಗ ಸದ್ದನ್ನು ಅರ್ಧ ಫ್ರೇಮ್ ತಡವಾಗಿ ಬರುವ ಹಾಗೆ ತಳ್ಳಿ ನೋಡಿ.

ಹೆಜ್ಜೆ 3: ಸಾಮಾನು

ಸಾಲ ಮಾಡಿ ಏನೂ ಕೊಳ್ಳಬೇಡಿ. 16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್, ಕಿವಿ ಪೂರ್ತಿ ಮುಚ್ಚುವ ಒಂದು ಸ್ಟುಡಿಯೊ ಹೆಡ್‌ಫೋನ್, ಕೈಯಲ್ಲಿ ಹಿಡಿಯುವ ಒಂದು ಸಣ್ಣ ರೆಕಾರ್ಡರ್. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ, ಅದರಲ್ಲಿ ಸದ್ದು ತಡವಾಗಿ ಬರುತ್ತದೆ, ತುಟಿಗೆ ಮಾತು ಕೂರಿಸುವ ಕೆಲಸವೇ ಆಗುವುದಿಲ್ಲ. ರೆಕಾರ್ಡರ್ ಇಲ್ಲದಿದ್ದರೆ ಫೋನಿನಿಂದಲೇ ಶುರು ಮಾಡಿ.

ಸ್ಟುಡಿಯೊಗಳಲ್ಲಿ ನಡೆಯುವುದು ಪ್ರೊ ಟೂಲ್ಸ್ ಅನ್ನೋ ಸೌಂಡ್ ಸಾಫ್ಟ್‌ವೇರ್. ಅದರ ಇಂಟ್ರೊ ಆವೃತ್ತಿ ಉಚಿತ, ಟ್ರ್ಯಾಕ್ (ಸದ್ದು ಜೋಡಿಸುವ ಸಾಲು) ಕಡಿಮೆ ಸಿಗುತ್ತವೆ ಅಷ್ಟೇ, ಕೀಬೋರ್ಡ್ ಶಾರ್ಟ್‌ಕಟ್ ಕಲಿಯಲು ಸಾಕು. ನಿಜವಾದ ಅಭ್ಯಾಸಕ್ಕೆ ರೀಪರ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಒಳ್ಳೆಯದು, 60 ದಿನ ಪೂರ್ತಿ ಬಳಸಿ ನೋಡಬಹುದು, ಲೈಸೆನ್ಸ್ ಕೂಡ ಜಾಸ್ತಿ ದುಬಾರಿ ಅಲ್ಲ. ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಆದ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಫೇರ್‌ಲೈಟ್ ಅನ್ನೋ ಸೌಂಡ್ ವಿಭಾಗವೇ ಇದೆ. ಕದ್ದ ಸಾಫ್ಟ್‌ವೇರ್ ಹಾಕಬೇಡಿ. ಬೇರೆಯವರ ಸಿನಿಮಾ ನಿಮ್ಮ ಕಂಪ್ಯೂಟರಿನಲ್ಲಿ ಇರುತ್ತದೆ, ವೈರಸ್ ಬಂದರೆ ಉತ್ತರ ಕೊಡಬೇಕಾದವರು ನೀವು.

ಕೋಣೆಗೆ ಫೋಮ್ ಅಂಟಿಸುವ ಮೊದಲು ಮನೆಯ ಕೌದಿಗಳನ್ನು ಗೋಡೆಗೆ ಇಳಿಬಿಡಿ. ಹಳೆ ಸೀರೆ, ಧೋತರ ಪದರ ಪದರವಾಗಿ ಹೊಲಿದ ದಪ್ಪ ಕೌದಿ ಗೋಡೆಯಿಂದ ನಾಲ್ಕು ಬೆರಳು ಮುಂದೆ ತೂಗಿದರೆ ಮಾತಿನ ಗುಂಯ್‌ಗುಡುವಿಕೆ ಚೆನ್ನಾಗಿ ಇಳಿಯುತ್ತದೆ. ನೆಲ ಫರಸಿಯದ್ದಾದರೆ ಅದರ ಮೇಲೂ ಒಂದು ಹಾಸಿ. ಬೇಸಿಗೆಯಲ್ಲಿ ಫ್ಯಾನ್, ಕೂಲರ್ ನಿಲ್ಲಿಸಿ ಹಗಲಲ್ಲಿ ರೆಕಾರ್ಡ್ ಮಾಡುವುದು ನಮ್ಮ ಬಿಸಿಲಿಗೆ ಆಗದ ಮಾತು. ಬೆಳಗಿನ ಜಾವ ಎದ್ದು ಮಾಡಿ, ತಂಪೂ ಇರುತ್ತದೆ, ರಸ್ತೆಯೂ ಸುಮ್ಮನಿರುತ್ತದೆ. ಒಂದು ಯುಪಿಎಸ್ ಇಟ್ಟುಕೊಳ್ಳಿ.

ಹೆಜ್ಜೆ 4: ಊರಿನ ಸದ್ದು ಸಂಗ್ರಹಿಸಿ

ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಇದು, ಯಾರೂ ಮಾಡದೆ ಬಿಟ್ಟಿರುವ ಕೆಲಸವೂ ಇದೇ. ಇಂಟರ್ನೆಟ್‌ನಲ್ಲಿ ಸಿಗುವ ಸೌಂಡ್ ಲೈಬ್ರರಿಗಳಲ್ಲಿ ಬಹುಪಾಲು ಯುರೋಪ್, ಅಮೆರಿಕದಲ್ಲಿ ರೆಕಾರ್ಡ್ ಆದದ್ದು. ಹಳ್ಳಿಯ ಬೆಳಗು ಅಂತ ಅಲ್ಲಿಂದ ಒಂದು ಫೈಲ್ ಎಳೆದು ಹಾಕಿದರೆ ಚಿಂಚೋಳಿಯ ಹೊಲದಲ್ಲಿ ಇಂಗ್ಲೆಂಡಿನ ಹಕ್ಕಿ ಕೂಗುತ್ತದೆ. ಪಟ್ಟಣದವರಿಗೆ ಗೊತ್ತಾಗದೆ ಇರಬಹುದು, ಹೊಲದಲ್ಲಿ ದುಡಿದವರಿಗೆ ಗೊತ್ತಾಗುತ್ತದೆ. ಕೋಗಿಲೆಯನ್ನೂ ಹಾಗೆ ಸಿಕ್ಕಲ್ಲೆಲ್ಲ ಹಾಕುವಂತಿಲ್ಲ. ಅದರ ಕೂಗು ಜೋರಾಗುವುದು ಬೇಸಿಗೆಯಲ್ಲಿ, ಜೋಳದ ಸೀತನಿ ತಿನ್ನುವ ಚಳಿಗಾಲದ ದೃಶ್ಯಕ್ಕೆ ಅದು ಹೊಂದುವುದಿಲ್ಲ.

ಏನೇನು ರೆಕಾರ್ಡ್ ಮಾಡಬಹುದು ನೋಡಿ. ಒಣಗಿದ ಕಣಿಕೆಯ (ಜೋಳದ ದಂಟಿನ) ಮೇಲೆ ನಡೆಯುವ ಸದ್ದು. ಒಣಗಿದ ತೊಗರಿ ಕಾಯಿ ಬಡಿಯುವ ಸದ್ದು, ದಾಲ್ ಮಿಲ್ಲಿನ ಹೊರಗೆ ನಿಂತರೆ ಕೇಳುವ ಒಂದೇ ಸಮನೆಯ ಗುಡುಗು. ವಾಡಿ ಜಂಕ್ಷನ್‌ನಲ್ಲಿ ರಾತ್ರಿ ಗೂಡ್ಸ್ ಗಾಡಿ ನಿಂತು ಮತ್ತೆ ಹೊರಡುವಾಗ ಡಬ್ಬಿಯಿಂದ ಡಬ್ಬಿಗೆ ಸಾಗುವ ಜಗ್ಗಾಟ. ಬೀದರಿನ ಓಣಿಯಲ್ಲಿ ಬಿದ್ರಿ ಕೆಲಸದವರು ಉಳಿಯಿಂದ ಲೋಹ ಕೊರೆಯುವ ಸಣ್ಣ ಟಕಟಕ. ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ವಿಮಾನ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡದ ನೆಲೆಯೂ ಅದೇ. ಆದ್ದರಿಂದ ಬೀದರಿನ ಹಗಲಿಗೆ ಆಗಾಗ ಮೇಲಿಂದ ಜೆಟ್ ಹಾದು ಹೋಗುವ ಸದ್ದು ಸಹಜ. ನಿಮ್ಮ ರೆಕಾರ್ಡಿಂಗ್ ಕೆಡಿಸುವುದೂ ಅದೇ, ಹಾಗಾಗಿ ಅಲ್ಲಿ ತಾಳ್ಮೆ ಬೇಕು.

ರೊಟ್ಟಿ ಬಡಿಯುವುದನ್ನು ಒಮ್ಮೆ ಹತ್ತಿರ ಕೂತು ಕೇಳಿ. ಹಿಟ್ಟಿನ ಉಂಡೆ ದಪ್ಪ ಇರುವಾಗ ಏಟು ಮಂದ, ಒಳಗೊಳಗೇ ಇರುತ್ತದೆ. ರೊಟ್ಟಿ ಅಗಲವಾದ ಹಾಗೆ ಸದ್ದು ತೆಳುವಾಗಿ ಚುರುಕಾಗುತ್ತದೆ, ಏಟಿನ ವೇಗವೂ ಬದಲಾಗುತ್ತದೆ. ಬಳೆ ಪ್ರತಿ ಏಟಿಗೂ ಒಂದು ಕ್ಷಣ ತಡವಾಗಿ ಗಲ್ ಅನ್ನುತ್ತದೆ. ಹಂಚಿಗೆ ಹಾಕಿ ನೀರು ಸವರಿದಾಗ ಚುಂಯ್. ಅಡುಗೆಮನೆಯ ದೃಶ್ಯಕ್ಕೆ ಒಂದೇ ಏಟನ್ನು ಕಾಪಿ ಮಾಡಿ ಇಪ್ಪತ್ತು ಸಲ ಅಂಟಿಸಿದರೆ ರೊಟ್ಟಿ ತಿಂದು ಬೆಳೆದವರು ಒಪ್ಪುವುದಿಲ್ಲ. ಆದ್ದರಿಂದ ಒಂದು ರೊಟ್ಟಿ ಶುರುವಿನಿಂದ ಕೊನೆಯವರೆಗೆ ತಡೆಯಿಲ್ಲದೆ ರೆಕಾರ್ಡ್ ಮಾಡಿ. ಮೈಕ್ ಕೊಣಮಿಗೆಯಿಂದ (ರೊಟ್ಟಿ ಬಡಿಯುವ ಮರಿಗೆಯಿಂದ) ಒಂದೂವರೆ ಅಡಿ ದೂರ, ಸ್ವಲ್ಪ ಮೇಲೆ ಇರಲಿ, ಹಿಟ್ಟು ಹಾರದ ಕಡೆ. ಒಲೆ ಹಚ್ಚದೆ ಒಂದು ಸಲ, ಹಚ್ಚಿ ಒಂದು ಸಲ. ಬಳೆ ತೆಗೆದು ಒಂದು ಸಲ, ಹಾಕಿಕೊಂಡು ಒಂದು ಸಲ. ಅವ್ವನೋ ಅಕ್ಕನೋ ಬೈದರೂ ಕೇಳಿ ಮಾಡಿಸಿಕೊಳ್ಳಿ.

ಹಳೆಯ ಕಟ್ಟಡಗಳ ಗುಂಗನ್ನೂ ಹಿಡಿದಿಡಬಹುದು. ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿಗೆ ತೆರೆದ ಅಂಗಳ ಇಲ್ಲ, ಪೂರ್ತಿ ಗುಮ್ಮಟಗಳ ಕೆಳಗೆ ಮುಚ್ಚಿಕೊಂಡಿದೆ. ಅಂಥ ಜಾಗದಲ್ಲಿ ಒಂದು ಗಟ್ಟಿ ಚಪ್ಪಾಳೆ ಹೊಡೆದು ಅದು ಆರಿಹೋಗುವವರೆಗೂ ರೆಕಾರ್ಡ್ ಮಾಡಿಕೊಂಡರೆ, ಆ ಫೈಲನ್ನು ಒಂದು ಜಾಗದ ಗುಂಗನ್ನು ಬೇರೆ ಸದ್ದಿಗೆ ಹಚ್ಚುವ ಕನ್ವಲ್ಯೂಷನ್ ರಿವರ್ಬ್‌ಗೆ ಹಾಕಿ ಯಾವ ಮಾತನ್ನಾದರೂ ಅದೇ ಗುಮ್ಮಟದ ಕೆಳಗೆ ಆಡಿದ ಹಾಗೆ ಕೇಳಿಸಬಹುದು. ಆದರೆ ಇವು ಪುರಾತತ್ವ ಇಲಾಖೆಯ ಸ್ಮಾರಕಗಳು, ಪ್ರಾರ್ಥನೆಯ ಜಾಗಗಳು. ಕಾವಲುಗಾರರನ್ನು ಕೇಳಿ, ಅನುಮತಿ ಪಡೆದು, ಜನ ಇಲ್ಲದ ಹೊತ್ತಿನಲ್ಲಿ ಮಾಡಿ. ಇನ್ನೂ ಗಟ್ಟಿ ಸದ್ದು ಬೇಕು ಅಂತ ಒಡೆಯಲು ಬಲೂನು, ಪಟಾಕಿ ತರಲೇಬೇಡಿ.

ಎಲ್ಲವನ್ನೂ 48 ಕಿಲೋಹರ್ಟ್ಜ್, 24 ಬಿಟ್ ವೇವ್ ಫೈಲ್ ಆಗಿ ಉಳಿಸಿ. ಎಂಪಿ3 ಬೇಡ. ಫೈಲಿನ ಹೆಸರಲ್ಲೇ ವಿವರ ಇರಲಿ: ಶಹಾಬಾದ್ ಕಲ್ಲು, ಚಪ್ಪಲಿ, ಗಂಡಸು, ನಿಧಾನ ನಡಿಗೆ, ಊರು, ತಿಂಗಳು, ಹೊತ್ತು. ಮೂರು ವರ್ಷ ಬಿಟ್ಟು ರಾತ್ರಿ ಎರಡು ಗಂಟೆಗೆ ಹುಡುಕುವಾಗ ಇದರ ಬೆಲೆ ಗೊತ್ತಾಗುತ್ತದೆ.

ಹೆಜ್ಜೆ 5: ಡೈಲಾಗ್ ಎಡಿಟಿಂಗ್ ಕಲಿಯಿರಿ

ಯಾರಾದರೂ ಕಾಲೇಜು ಹುಡುಗರು ಕಿರುಚಿತ್ರ ಮಾಡುತ್ತಿದ್ದರೆ ಹೋಗಿ ಕೇಳಿ, ನಿಮ್ಮ ಸೌಂಡ್ ನಾನು ಮಾಡಿಕೊಡುತ್ತೇನೆ ಅಂತ. ಶೂಟಿಂಗ್‌ಗೂ ಹೋಗಿ. ಪ್ರತಿ ಜಾಗದಲ್ಲಿ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಆ ಕೋಣೆಯ ಖಾಲಿ ಸದ್ದು ರೆಕಾರ್ಡ್ ಮಾಡಿಸಿ. ಇದಕ್ಕೇ ರೂಮ್ ಟೋನ್ ಅನ್ನುವುದು. ಎಡಿಟಿಂಗ್‌ನಲ್ಲಿ ಎಲ್ಲಿ ಏನು ಕತ್ತರಿಸಿದರೂ ಅಲ್ಲಿ ತೇಪೆ ಹಾಕಲು ಇದೇ ಬಟ್ಟೆ.

ಈಗ ಒಂದು ಸಾಲು ತೆಗೆದುಕೊಳ್ಳೋಣ. ತಾಯಿ ಪಾತ್ರ ಹೇಳುತ್ತಾಳೆ: “ಎಲ್ಲಿಗ್ ಹೋಗಿದ್ದಿ? ನಿಮ್ಮಪ್ಪ ಕಾಯ್ಕೋತ ಕುಂತಾನ.” ನಟನೆ ಚೆನ್ನಾಗಿ ಬಂದಿದೆ, ಆದರೆ ‘ಕುಂತಾನ’ ಅನ್ನುವಾಗ ಹೊರಗೆ ಆಟೋ ಹಾರ್ನ್ ಹೊಡೆದಿದೆ. ಸೀದಾ ನಾಯ್ಸ್ ತೆಗೆಯುವ ಪ್ಲಗಿನ್ (ಸಾಫ್ಟ್‌ವೇರಿಗೆ ಸೇರಿಸುವ ಸಣ್ಣ ಉಪಕರಣ) ಹಾಕಬೇಡಿ, ಮಾತಿನ ಜೀವವೇ ಹೋಗಿ ನೀರೊಳಗಿಂದ ಬಂದಂತೆ ಕೇಳುತ್ತದೆ. ಮೊದಲು ಅದೇ ದೃಶ್ಯವನ್ನು ಮತ್ತೆ ಮತ್ತೆ ತೆಗೆದ ಉಳಿದ ಟೇಕ್‌ಗಳನ್ನು ಕೇಳಿ. ಎರಡನೇ ಟೇಕಿನಲ್ಲಿ ‘ಕುಂತಾನ’ ಶುದ್ಧವಾಗಿದೆ ಅಂದುಕೊಳ್ಳಿ. ಅದನ್ನಷ್ಟೇ ತಂದು ಕೂರಿಸಬೇಕು. ಎಲ್ಲಿ ಕತ್ತರಿಸುವುದು? ಕ, ತ, ಪ ಹೊರಬರುವ ಮುಂಚೆ ಬಾಯಲ್ಲಿ ಉಸಿರು ಒಂದು ಕ್ಷಣ ಕಟ್ಟುತ್ತದೆ. ವೇವ್‌ಫಾರ್ಮ್ (ಪರದೆ ಮೇಲೆ ಸದ್ದಿನ ಏರಿಳಿತ ತೋರಿಸುವ ಗೆರೆ) ದೊಡ್ಡದು ಮಾಡಿ ನೋಡಿದರೆ ಅಲ್ಲಿ ಅದು ಸಪಾಟಾಗಿ ಕಾಣುತ್ತದೆ. ಆ ಸಪಾಟಿನಲ್ಲೇ ಕತ್ತರಿ ಹಾಕಿ. ಸ್ವರ ಎಳೆಯುವ ಕಡೆ ಹಾಕಿದರೆ ಜೋಡಣೆ ಕೇಳಿಸಿಬಿಡುತ್ತದೆ. ಕೆಲವೇ ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಕೊಡಿ, ಅಂದರೆ ಒಂದು ತುಂಡು ಇಳಿಯುತ್ತಾ ಇನ್ನೊಂದು ಏರಲಿ. ಎರಡನೇ ಟೇಕಿನಲ್ಲಿ ನಟಿ ಸ್ವಲ್ಪ ಜೋರಾಗಿ ಹೇಳಿದ್ದರೆ ಮಟ್ಟ ಇಳಿಸಿ, ಮೀಟರ್ ನೋಡಿ ಅಲ್ಲ, ಕಣ್ಣು ಮುಚ್ಚಿ ಕೇಳಿ. ಕೊನೆಗೆ ಕೆಳಗೆ ರೂಮ್ ಟೋನ್ ಹಾಸಿ. ಪೂರ್ತಿ ಸಾಲು ಒಂದೇ ಉಸಿರಿನಲ್ಲಿ ಆಡಿದ ಹಾಗೆ ಕೇಳಿದರೆ ಆಯಿತು.

ಟೇಕ್ ಆರಿಸುವಾಗ ನಮ್ಮ ಕಿವಿ ಕೆಲಸಕ್ಕೆ ಬರುತ್ತದೆ. ‘ಕುಂತಾನ’ ಅನ್ನುವುದರ ಕೊನೆಯ ಎಳೆತ ಕಲಬುರಗಿಯದ್ದೋ ಹುಬ್ಬಳ್ಳಿಯದ್ದೋ, ಅಥವಾ ಬೆಂಗಳೂರಿನಲ್ಲಿ ಕಲಿತು ಆಡಿದ್ದೋ ನಮಗೆ ತಕ್ಷಣ ತಿಳಿಯುತ್ತದೆ. ಈ ಕಡೆಯ ಕಥೆಗಳ ಸಿನಿಮಾ ಬಂದಾಗ ಡೈಲಾಗ್ ಎಡಿಟರ್ ಆ ಭಾಷೆ ಗೊತ್ತಿರುವವರೇ ಆಗಿದ್ದರೆ ಪಾತ್ರ ಉಳಿಯುತ್ತದೆ. ನಾಚಿಕೆ ಇಲ್ಲದೆ ಡೈರೆಕ್ಟರಿಗೆ ಹೇಳಿ, ಸರ್, ಈ ಮಾತು ಹೀಗೆ ಬರುವುದಿಲ್ಲ ಅಂತ. ಒಳ್ಳೆಯ ಡೈರೆಕ್ಟರ್‌ಗಳು ಕೇಳುತ್ತಾರೆ.

ದಕ್ಷಿಣದ ಸಿನಿಮಾಗಳಲ್ಲಿ ಶೂಟಿಂಗ್‌ನ ಮಾತನ್ನು ಪೈಲಟ್ ಆಗಿ, ಅಂದರೆ ಬರೀ ಗುರುತಿಗೆ ಇಟ್ಟುಕೊಂಡು ಸ್ಟುಡಿಯೊದಲ್ಲಿ ಮತ್ತೆ ಡಬ್ಬಿಂಗ್ ಮಾಡುವ ಪದ್ಧತಿ ಹಳೆಯದು. ಈಗ ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಜಾಗದ ಮಾತನ್ನೇ ಉಳಿಸಿಕೊಳ್ಳುವುದು, ಜಾಸ್ತಿ ಆಗುತ್ತಿದ್ದರೂ ಡಬ್ಬಿಂಗ್ ಹೋಗಿಲ್ಲ. ಡಬ್ಬಿಂಗ್ ಮಾತು ಕೂರಿಸುವಾಗ ಪ, ಬ, ಮ ಹುಡುಕಿ. ಇವುಗಳಿಗೆ ತುಟಿ ಮುಚ್ಚಲೇಬೇಕು, ಪರದೆ ಮೇಲೆ ಕಣ್ಣಿಗೆ ಕಾಣುತ್ತದೆ. ಮೇಲಿನ ಸಾಲಿನಲ್ಲಿ ‘ನಿಮ್ಮಪ್ಪ’ ಇದೆಯಲ್ಲ, ಅದು ಸರಿಯಾಗಿ ಕೂತರೆ ಉಳಿದದ್ದು ತಾನಾಗಿಯೇ ಕೂರುತ್ತದೆ.

ಹೆಜ್ಜೆ 6: ಹೆಜ್ಜೆ, ಬಟ್ಟೆ, ಸಾಮಾನು

ಫೋಲಿ ಅಂದರೆ ಚಿತ್ರ ನೋಡುತ್ತಾ ನಡಿಗೆ, ಬಟ್ಟೆಯ ಸರಸರ, ಕೈಗೆ ಸಿಗುವ ವಸ್ತುಗಳ ಸದ್ದನ್ನು ಮತ್ತೆ ಮಾಡಿ ರೆಕಾರ್ಡ್ ಮಾಡುವುದು. ಹಾಲಿವುಡ್‌ನ ಜ್ಯಾಕ್ ಫೋಲಿ ಹೆಸರೇ ಇದಕ್ಕೆ ಉಳಿದಿದೆ. ಇದರ ಅಗತ್ಯ ಏನು ಅಂತ ಕೇಳಬಹುದು. ಕನ್ನಡ ಸಿನಿಮಾ ತೆಲುಗು, ತಮಿಳು, ಹಿಂದಿಗೆ ಡಬ್ ಆಗುವಾಗ ಕನ್ನಡದ ಮಾತು ಪೂರ್ತಿ ತೆಗೆಯುತ್ತಾರೆ. ಮಾತಿನ ಜೊತೆ ರೆಕಾರ್ಡ್ ಆಗಿದ್ದ ಹೆಜ್ಜೆ, ಲೋಟ, ಕುರ್ಚಿ ಸದ್ದೂ ಹೋಗಿಬಿಡುತ್ತದೆ. ಆಗ ಸಂಗೀತ ಮತ್ತು ಎಫೆಕ್ಟ್ಸ್ ಮಾತ್ರ ಇರುವ ಎಂ ಅಂಡ್ ಇ ಟ್ರ್ಯಾಕ್ ತುಂಬಿಕೊಂಡಿರಬೇಕು. ಫೋಲಿ ಚೆನ್ನಾಗಿ ಮಾಡಿದ್ದರೆ ಮಾತ್ರ ಅದು ತುಂಬಿರುತ್ತದೆ.

ಶಹಾಬಾದ್ ಕಲ್ಲಿನ ಒಂದು ತುಂಡು, ಒಂದು ಹಲಗೆ, ಒಂದು ಬುಟ್ಟಿ ಮಣ್ಣು, ಒಂದಿಷ್ಟು ಕಣಿಕೆ, ಎರಡು ಮೂರು ಜೋಡಿ ಚಪ್ಪಲಿ ಬೂಟು, ಒಂದು ಇಳಕಲ್ ಸೀರೆ. ಇಷ್ಟರಲ್ಲೇ ಹಳ್ಳಿ ಸಿನಿಮಾದ ಅರ್ಧ ಫೋಲಿ ಮುಗಿಯುತ್ತದೆ.

ಹೆಜ್ಜೆ 7: ಓದುವುದಾದರೆ ಎಲ್ಲಿ

ಪುಣೆಯ ಎಫ್‌ಟಿಐಐ (ಕೇಂದ್ರ ಸರ್ಕಾರದ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆ) 1960ರಲ್ಲಿ ಶುರುವಾದದ್ದು, ಕೋಲ್ಕತ್ತದಲ್ಲಿ ಸತ್ಯಜಿತ್ ರೇ ಹೆಸರಿನ ಸಂಸ್ಥೆ ಇದೆ. ಎರಡರಲ್ಲೂ ಸೌಂಡ್‌ಗೆ ಪ್ರತ್ಯೇಕ ಕೋರ್ಸ್ ಇದೆ, ಪ್ರವೇಶ ಪರೀಕ್ಷೆ ಇದೆ. ಡಿಗ್ರಿ ಯಾವುದಾದರೂ ಸರಿ, ಆದರೆ ಸೌಂಡ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್ ಕೇಳುತ್ತಾರೆ. ಹತ್ತನೇ ತರಗತಿ ಮುಗಿಸಿದ ತಮ್ಮ ತಂಗಿಯರು ಇದನ್ನು ಈಗಲೇ ನೆನಪಿಟ್ಟುಕೊಳ್ಳಿ. ಕೇರಳದ ಹಳ್ಳಿಯಿಂದ ಬಂದು ಪುಣೆಯಲ್ಲಿ ಕಲಿತ ರಸೂಲ್ ಪೂಕುಟ್ಟಿ 2009ರಲ್ಲಿ ಸೌಂಡ್ ಮಿಕ್ಸಿಂಗ್‌ಗೆ ಆಸ್ಕರ್ ಪಡೆದರು. ನಮ್ಮ ರಾಜ್ಯದಲ್ಲೇ ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆ ಇದೆ, ಡಿಪ್ಲೊಮಾ ಮಾಡಬಹುದು, ಖಾಸಗಿಯವರಿಗೆ ಹೋಲಿಸಿದರೆ ಫೀಸು ಕಡಿಮೆ. ಮೂರು ತಿಂಗಳಲ್ಲಿ ಸೌಂಡ್ ಇಂಜಿನಿಯರ್ ಮಾಡುತ್ತೇವೆ ಅಂತ ಲಕ್ಷ ಕೇಳುವವರ ಹತ್ತಿರ ಹೋಗುವ ಮುಂಚೆ, ಅಲ್ಲಿ ಕಲಿತವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ವಿಚಾರಿಸಿ.

ಹೆಜ್ಜೆ 8: ಕೆಲಸ ಹುಡುಕುವುದು

ಎಲ್ಲರೂ ಬೆಂಗಳೂರು ಅನ್ನುತ್ತಾರೆ. ಅದು ಕಲಬುರಗಿಯಿಂದ ಸುಮಾರು 600 ಕಿ.ಮೀ. ಹೈದರಾಬಾದ್ ಸುಮಾರು 220, ಬೀದರಿನವರಿಗಂತೂ ಇನ್ನೂ ಹತ್ತಿರ. ತೆಲುಗು, ಹಿಂದಿ, ಕನ್ನಡ ಮೂರೂ ಅರ್ಥವಾಗುವ ಡೈಲಾಗ್ ಅಸಿಸ್ಟೆಂಟ್ ಅಂದರೆ ಹಲವು ಭಾಷೆಯಲ್ಲಿ ಬಿಡುಗಡೆಯಾಗುವ ಸಿನಿಮಾಗಳಿಗೆ ತುಂಬಾ ಉಪಯೋಗ. ನನ್ನ ಸಲಹೆ, ಎರಡೂ ಕಡೆ ಕೇಳಿ.

ಕೇಳುವಾಗ ಬಯೋಡೇಟಾಗಿಂತ ಎರಡು ನಿಮಿಷದ ಕೆಲಸ ತೋರಿಸಿ. ಒಂದೇ ದೃಶ್ಯ, ಮೊದಲು ಶೂಟಿಂಗ್‌ನ ಹಸಿ ಸದ್ದು, ಆಮೇಲೆ ನೀವು ಮಾಡಿದ್ದು. ಡೈಲಾಗ್ ದೃಶ್ಯವೇ ಇರಲಿ, ಹೊಡೆದಾಟ ಬೇಡ.

ಅಸಿಸ್ಟೆಂಟ್ ಆಗಿ ಸೇರಿದ ಮೇಲೆ ಮೊದಲ ವರ್ಷ ಬರೀ ಫೈಲ್ ಜೋಡಿಸುವ ಕೆಲಸ. ಎಡಿಟರ್ ಕಡೆಯಿಂದ ಬಂದ ಎಎಎಫ್ (ಎಡಿಟ್ ಆದ ಸದ್ದಿನ ತುಂಡುಗಳಿರುವ ಫೈಲ್) ತೆರೆದು ಎಲ್ಲ ಮಾತೂ ಬಂದಿದೆಯಾ, ಪ್ರತಿ ತುಂಡಿನ ಎರಡೂ ಬದಿ ಎಳೆಯಲು ಹೆಚ್ಚುವರಿ ಉಳಿಸಿದ್ದಾರಾ, ಚಿತ್ರದ ಜೊತೆ ಕೂರುತ್ತಿದೆಯಾ ಅಂತ ನೋಡುವುದು. ಪ್ರತಿ ರೀಲ್ ಶುರುವಾಗುವ ಎರಡು ಸೆಕೆಂಡ್ ಮೊದಲು ಸದ್ದು ಚಿತ್ರ ಕೂಡಿವೆಯಾ ಅಂತ ನೋಡಲು ಒಂದು ಫ್ರೇಮ್ ಉದ್ದದ ಬೀಪ್ ಇಡುವುದು. ಡೈರೆಕ್ಟರ್ ಮತ್ತೆ ಚಿತ್ರ ಕತ್ತರಿಸಿದರೆ ಇನ್ನೂರು ಟ್ರ್ಯಾಕ್ ಇದ್ದರೂ ಎಲ್ಲವನ್ನೂ ಹೊಸ ಕಟ್ಟಿಗೆ ಹೊಂದಿಸುವುದು. ಸೆನ್ಸಾರ್ ಆದ ಮೇಲೆ ಯಾವುದೋ ಪದ ಮ್ಯೂಟ್ ಮಾಡಿ ಅಂತ ಹೇಳಿದರೆ ಅದನ್ನು ಮಾಡುವವರೂ ನಾವೇ. ಬೇಜಾರು ಅನ್ನಿಸಬಹುದು. ಆದರೆ ಇದನ್ನು ಶಿಸ್ತಾಗಿ ಮಾಡಿದವರಿಗೇ ಮುಂದೆ ಒಂದು ರೀಲ್ ಪೂರ್ತಿ ಕೊಡುತ್ತಾರೆ.

ಹೆಜ್ಜೆ 9: ದುಡ್ಡು

ಇದು ತಿಂಗಳ ಸಂಬಳದ ಕೆಲಸ ಕಡಿಮೆ, ಒಂದೊಂದು ಸಿನಿಮಾಗೆ ಇಷ್ಟು ಅಂತ ಮಾತಾಡುವುದೇ ಜಾಸ್ತಿ. ಬಾಯಿಮಾತು ಸಾಲದು. ಮೆಸೇಜಿನಲ್ಲಾದರೂ ಸರಿ, ಒಟ್ಟು ಎಷ್ಟು, ಅಡ್ವಾನ್ಸ್ ಎಷ್ಟು, ಎಷ್ಟು ಸಲ ಬದಲಾವಣೆ ಉಚಿತ, ಟೈಟಲ್‌ನಲ್ಲಿ ಹೆಸರು ಹೇಗೆ ಬರಬೇಕು ಅಂತ ಬರೆಸಿಕೊಳ್ಳಿ. ಕೊನೆಯ ಕಂತು ಫೈನಲ್ ಫೈಲ್ ಕೊಡುವ ಮೊದಲೇ ಬರಬೇಕು, ಬಿಡುಗಡೆ ಆದ ಮೇಲೆ ಫೋನ್ ಎತ್ತುವವರು ಕಡಿಮೆ. ಟಿಡಿಎಸ್ (ದುಡ್ಡು ಕೊಡುವಾಗಲೇ ಕಡಿದುಕೊಳ್ಳುವ ತೆರಿಗೆ) ಹಿಡಿದು ಕೊಟ್ಟಿದ್ದರೆ ಪ್ಯಾನ್ ನಂಬರಿಗೆ ಸೇರಿದೆಯಾ ನೋಡಿ, ರಿಟರ್ನ್ಸ್ ಹಾಕಿ. ನಿಮ್ಮ ಆದಾಯಕ್ಕೆ ತೆರಿಗೆ ಬೀಳದಿದ್ದರೆ ಅದು ವಾಪಸ್ ಬರುತ್ತದೆ. ಸಿನಿಮಾ ಇಲ್ಲದ ತಿಂಗಳಲ್ಲಿ ಜಾಹೀರಾತು, ವೆಬ್ ಸೀರೀಸ್, ಡಾಕ್ಯುಮೆಂಟರಿ, ಆಡಿಯೊಬುಕ್ ಕೆಲಸ ಮಾಡಿ, ಇವನ್ನು ಊರಿಂದಲೇ ಮಾಡಬಹುದು.

ಹೆಜ್ಜೆ 10: ಕಿವಿ ಉಳಿಸಿಕೊಳ್ಳಿ

85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು ಅನ್ನುವುದು ಕಾರ್ಖಾನೆ ಕೆಲಸಗಾರರಿಗೆ ಹೇಳುವ ಮಿತಿ. ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತದೆ, ಅಂದರೆ 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಮದುವೆ ಮೆರವಣಿಗೆಯ ಡಿಜೆ ಇದನ್ನೆಲ್ಲ ಎಷ್ಟೋ ದಾಟಿರುತ್ತದೆ. ಅಂಥ ಕಡೆ ಹೋದರೆ ಇಯರ್ ಪ್ಲಗ್ ಹಾಕಿಕೊಳ್ಳಿ, ಯಾರು ನಕ್ಕರೂ ಪರವಾಗಿಲ್ಲ. ಹೆಡ್‌ಫೋನ್‌ನಲ್ಲಿ ಮಾತು ಸಾಮಾನ್ಯವಾಗಿ ಎದುರು ಕೂತು ಆಡಿದಷ್ಟೇ ಕೇಳಿದರೆ ಸಾಕು. ಗಂಟೆಗೊಮ್ಮೆ ತೆಗೆದಿಟ್ಟು ಎದ್ದು ಹೋಗಿ. ಬಿಡುಗಡೆ ಹತ್ತಿರ ಬಂದಾಗ ರಾತ್ರಿಯೆಲ್ಲ ಕೂರಬೇಕಾಗುತ್ತದೆ, ಆಗ ಮನೆಯವರಿಗೆ ಮೊದಲೇ ಹೇಳಿಡಿ. ಕಿವಿಯಲ್ಲಿ ಗುಂಯ್ ಅನ್ನುವುದು ಒಂದು ದಿನ ಕಳೆದರೂ ನಿಲ್ಲದಿದ್ದರೆ ಎಡಿಟಿಂಗ್ ಬಿಟ್ಟು ಮೊದಲು ಕಿವಿ ಡಾಕ್ಟರ ಹತ್ತಿರ ಹೋಗಿ, ಆಡಿಯೊಮೆಟ್ರಿ (ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ಪರೀಕ್ಷೆ) ಮಾಡಿಸಿ, ಆ ವರದಿಯನ್ನು ಇಟ್ಟುಕೊಂಡು ಪ್ರತಿ ವರ್ಷದ್ದನ್ನು ಹೋಲಿಸಿ ನೋಡಿ.